ಮೈಸೂರಿನಲ್ಲಿ ನೆಲೆಸುವವರಿಗೆ ಪ್ರವಾಸಿಗರಿಗಿಂತ ನೀರಿನ ಚಿಂತೆ ಮೊದಲು

ಪ್ರಶ್ನೆ: ನಾವು ಮಂಡ್ಯದವರು. ನಮ್ಮ ಯಜಮಾನರು ಮುಂದಿನ ವರ್ಷ ಸರ್ಕಾರಿ ಪ್ರೌಢಶಾಲೆಯ ಸೇವೆಯಿಂದ ನಿವೃತ್ತರಾಗುತ್ತಾರೆ. ಎಂಬತ್ತು ದಾಟಿದ ಅತ್ತೆಯವರಿಗೆ ಹೃದಯದ ತೊಂದರೆಯಿದ್ದು, ತಪಾಸಣೆಗಾಗಿ ಆಗಾಗ ಮೈಸೂರಿಗೆ ಬರುತ್ತಿರುತ್ತೇವೆ. ಹೀಗಾಗಿ ಅಲ್ಲಿಯೇ ನೆಲೆಸೋಣ ಎಂದುಕೊಂಡಿದ್ದೇವೆ. ಊರಿನಲ್ಲಿ ಸ್ವಲ್ಪ ಗದ್ದೆಯಿದೆ, ಅದನ್ನು ನೋಡಿಕೊಳ್ಳಲು ಯಜಮಾನರು ಹೋಗಿಬರುತ್ತಿರಬೇಕು. ‘ಅರಮನೆಯ ಊರು ವರ್ಷವಿಡೀ ಜಾತ್ರೆ ಇದ್ದಂತೆ, ಒಳಗೆ ಬೇಡವೇ ಬೇಡ, ರಿಂಗ್ ರಸ್ತೆಯ ಆಚೆ ನಿವೇಶನ ಕೊಂಡು ಮನೆ ಕಟ್ಟಿಸಿ’ ಎಂದು ನೆಂಟರು ಹೇಳುತ್ತಿದ್ದಾರೆ. ಇದು ಸರಿಯೇ? ಮೇಲೊಂದು ಮಹಡಿ ಕಟ್ಟಿ ಪ್ರವಾಸಿಗರಿಗೆ ದಿನಬಾಡಿಗೆಗೆ ಕೊಟ್ಟರೆ ಖರ್ಚು ಗಿಟ್ಟೀತೇ?

ಉತ್ತರ: ನಿಮ್ಮ ನೆಂಟರ ಮಾತಿನಲ್ಲಿ ಅರ್ಧ ಸರಿಯಿದೆ. ಹೃದಯದ ತೊಂದರೆಯಿರುವ ಹಿರಿಯರೊಬ್ಬರು ಮನೆಯಲ್ಲಿರುವಾಗ ಅರಮನೆಯ ಸುತ್ತಲಿನ ಬೀದಿಗಳಲ್ಲಿ ವಾಸ ಮಾಡುವುದು ಬೇಡ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಅದಕ್ಕಾಗಿ ರಿಂಗ್ ರಸ್ತೆಯ ಆಚೆಗೇ ಹೋಗಬೇಕಾಗಿಲ್ಲ. ಪ್ರವಾಸಿಗರ ದಟ್ಟಣೆಗೆ ಇಂಥದೇ ಜಾಗ, ಇಂಥದೇ ಹೊತ್ತು ಎಂಬುದಿದೆ. ಒಂದು ವರ್ಷ ಈ ಊರಿನಲ್ಲಿದ್ದವರು ಅದನ್ನು ಲೆಕ್ಕ ಹಾಕಿಕೊಂಡು ತಮ್ಮ ಕೆಲಸಗಳನ್ನು ಹೊಂದಿಸಿಕೊಳ್ಳುವುದನ್ನು ಕಲಿತುಬಿಡುತ್ತಾರೆ. ನಲ್ಲಿಯಲ್ಲಿ ನೀರು ಬಾರದಿರುವುದು, ಒಳಚರಂಡಿ ಸೇರಬೇಕಾದ ಕಡೆ ಸೇರದಿರುವುದು, ಬೀದಿ ದೀಪ ಕೆಟ್ಟರೆ ಯಾರನ್ನು ಕೇಳಬೇಕೆಂದೇ ತಿಳಿಯದಿರುವುದು, ಇವಕ್ಕೆ ಹಾಗೆ ಹೊಂದಿಕೊಳ್ಳಲು ಬರುವುದಿಲ್ಲ. ಆದ್ದರಿಂದ ಮನೆಯನ್ನು ಆರಿಸುವಾಗ ಪ್ರವಾಸಿಗರನ್ನು ಎರಡನೆಯ ಸ್ಥಾನದಲ್ಲಿಟ್ಟು, ನೀರು ಮತ್ತು ಆಸ್ಪತ್ರೆಯ ದಾರಿಯನ್ನು ಮೊದಲ ಸ್ಥಾನದಲ್ಲಿಡಿ ಎಂಬುದು ನನ್ನ ಸಲಹೆ. ಈಗಲೇ ನಿವೇಶನ ಕೊಳ್ಳಬೇಡಿ. ರಿಂಗ್ ರಸ್ತೆಯ ಒಳಗಿನ ಒಂದು ಬಡಾವಣೆಯಲ್ಲಿ ಒಂದು ವರ್ಷ ಬಾಡಿಗೆಗೆ ಇದ್ದು, ಒಂದು ದಸರಾ ಮತ್ತು ಒಂದು ಬೇಸಿಗೆಯನ್ನು ಕಂಡ ಮೇಲೆ ನಿರ್ಧರಿಸಿ.

ಪ್ರವಾಸಿಗರ ಮೈಸೂರು ಎಷ್ಟು ದೊಡ್ಡದು ಎಂಬುದನ್ನು ಮೊದಲು ನೋಡೋಣ. ಅರಮನೆ, ಜಗನ್ಮೋಹನ ಅರಮನೆ, ದೇವರಾಜ ಮಾರುಕಟ್ಟೆ, ಸಯ್ಯಾಜಿರಾವ್ ರಸ್ತೆ, ಮೃಗಾಲಯ, ಕಾರಂಜಿ ಕೆರೆ, ಸೇಂಟ್ ಫಿಲೋಮಿನಾ ಚರ್ಚು, ಇವೆಲ್ಲವೂ ನಗರದ ನಡುಭಾಗದಲ್ಲಿ ಒಂದಕ್ಕೊಂದು ಹತ್ತಿರದಲ್ಲಿಯೇ ಇವೆ. ಇವುಗಳ ಆಚೆಗೆ ಪ್ರವಾಸಿಗರು ಹೋಗುವುದು ಚಾಮುಂಡಿ ಬೆಟ್ಟಕ್ಕೆ, ಕೆ.ಆರ್.ಎಸ್.ಗೆ ಮತ್ತು ನಂಜನಗೂಡಿನ ಕಡೆಗೆ. ಕುವೆಂಪುನಗರದ ಒಳರಸ್ತೆಗಳಲ್ಲಾಗಲಿ, ಸರಸ್ವತಿಪುರಂನ ತೆಂಗಿನ ಮರಗಳ ಬೀದಿಗಳಲ್ಲಾಗಲಿ, ಜಯಲಕ್ಷ್ಮೀಪುರಂನಲ್ಲಾಗಲಿ ಹೊರ ರಾಜ್ಯದ ನೋಂದಣಿ ಫಲಕವಿರುವ ಬಸ್ಸು ಕಂಡರೆ ಅದು ದಾರಿ ತಪ್ಪಿ ಬಂದದ್ದೆಂದೇ ತಿಳಿಯಬೇಕು. ನಡುಭಾಗದಲ್ಲಿಯೂ ಈ ಗದ್ದಲಕ್ಕೆ ಹೊತ್ತಿದೆ. ಅರಮನೆಯ ಪ್ರವೇಶ ಬೆಳಿಗ್ಗೆ ಹತ್ತಕ್ಕೆ ಆರಂಭವಾಗುವುದರಿಂದ ಅದಕ್ಕೆ ಮುಂಚೆ ಹಾರ್ಡಿಂಜ್ ವೃತ್ತವನ್ನು ದಾಟುವುದು ಕಷ್ಟವೇನಲ್ಲ. ಮಂಗಳವಾರ ಮೃಗಾಲಯಕ್ಕೆ ರಜೆಯಿರುವುದರಿಂದ ನಜರ್‌ಬಾದ್ ಮತ್ತು ಇಟ್ಟಿಗೆಗೂಡಿನವರಿಗೆ ಅದು ಉಸಿರಾಡುವ ದಿನ. ಭಾನುವಾರ ಮತ್ತು ಸರ್ಕಾರಿ ರಜಾದಿನಗಳಲ್ಲಿ ಸಂಜೆ ಏಳಕ್ಕೆ ಅರಮನೆಯ ದೀಪ ಹತ್ತುತ್ತದೆ. ಆ ಒಂದು ಗಂಟೆಯಲ್ಲಿ ಅರಮನೆಯ ನಾಲ್ಕೂ ಸುತ್ತಿನ ರಸ್ತೆಗಳಲ್ಲಿ ಕಾರು ತರುವ ಸ್ಥಳೀಯರನ್ನು ಕಂಡರೆ ನನಗೆ ಆಶ್ಚರ್ಯವೇ ಆಗುತ್ತದೆ.

ವರ್ಷದ ಲೆಕ್ಕವೂ ಹೆಚ್ಚು ಕಡಿಮೆ ಹೀಗೆಯೇ ಗೊತ್ತಾಗುವಂಥದ್ದು. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಕುಟುಂಬಗಳು ಬರುತ್ತವೆ. ಆಷಾಢದ ಶುಕ್ರವಾರಗಳಲ್ಲಿ ಚಾಮುಂಡಿ ಬೆಟ್ಟಕ್ಕೆ ಖಾಸಗಿ ವಾಹನಗಳನ್ನು ಬಿಡದೆ ಲಲಿತಮಹಲ್ ಬಳಿಯ ಹೆಲಿಪ್ಯಾಡ್‌ನಿಂದ ಬಸ್ಸಿನಲ್ಲಿ ಭಕ್ತರನ್ನು ಕರೆದೊಯ್ಯುವುದು ರೂಢಿಯಾಗಿದೆ, ಆ ದಿನಗಳಲ್ಲಿ ಸಿದ್ಧಾರ್ಥನಗರ ಮತ್ತು ಆಲನಹಳ್ಳಿಯ ಕಡೆ ಬೆಳಗಿನ ಜಾವದಿಂದಲೇ ಜನವೋ ಜನ. ನವೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಶಬರಿಮಲೆಗೆ ಹೋಗಿಬರುವ ಅಯ್ಯಪ್ಪ ಭಕ್ತರ ವಾಹನಗಳು, ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸದ ಬಸ್ಸುಗಳು, ವರ್ಷದ ಕೊನೆಯ ವಾರದಲ್ಲಿ ಅರಮನೆಯ ಫಲಪುಷ್ಪ ಪ್ರದರ್ಶನಕ್ಕೆ ಬರುವವರು, ಹೀಗೆ ಒಬ್ಬರ ಹಿಂದೆ ಒಬ್ಬರು ಬರುತ್ತಾರೆ. ಬೆಂಗಳೂರಿನಿಂದ ಹತ್ತು ಪಥದ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ ಬೆಳಿಗ್ಗೆ ಬಂದು ರಾತ್ರಿ ಮರಳುವವರೂ ಇದ್ದಾರೆ. ಸಾಲು ರಜೆ ಬಂದಾಗ ನಗರದ ಬಾಗಿಲಾದ ಮಣಿಪಾಲ್ ಆಸ್ಪತ್ರೆ ಜಂಕ್ಷನ್‌ನಲ್ಲಿ ವಾಹನಗಳು ನಿಂತುಬಿಡುತ್ತವೆ. ನೀವು ಮಂಡ್ಯದಿಂದ ಬರುವ ದಾರಿಯೂ ಅದೇ ಆಗಿರುವುದರಿಂದ ಇದು ನಿಮಗೆ ಹೊಸ ಸಂಗತಿಯಲ್ಲ.

ದಸರೆಯ ವಿಚಾರವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಹೊಸದಾಗಿ ಬರುವವರು ಅದನ್ನು ಹತ್ತು ದಿನಗಳ ಹಬ್ಬವೆಂದು ತಿಳಿದಿರುತ್ತಾರೆ. ನಿವಾಸಿಗಳಿಗೆ ಅದು ಎರಡು ತಿಂಗಳಿಗೂ ಹೆಚ್ಚಿನ ಕಾಲ. ವೀರನಹೊಸಹಳ್ಳಿಯಿಂದ ಗಜಪಯಣ ಹೊರಟು ಆನೆಗಳು ಅರಮನೆಗೆ ಬಂದ ಮೇಲೆ ಬನ್ನಿಮಂಟಪದವರೆಗಿನ ಸುಮಾರು ಐದು ಕಿಲೋಮೀಟರ್ ಹಾದಿಯಲ್ಲಿ ಬೆಳಿಗ್ಗೆ ಮತ್ತು ಸಂಜೆ ಅವುಗಳ ತಾಲೀಮು ವಾರಗಟ್ಟಲೆ ನಡೆಯುತ್ತದೆ. ಮುಂದೆ ಪೊಲೀಸ್ ಜೀಪು, ಹಿಂದೆ ಸಾಲಾನೆಗಳು, ಅವುಗಳ ಹಿಂದೆ ಕಚೇರಿಗೆ ಹೊತ್ತಾಯಿತೆಂದು ಗಡಿಯಾರ ನೋಡಿಕೊಳ್ಳುವ ಸ್ಕೂಟರ್ ಸವಾರರು, ಆ ತಿಂಗಳುಗಳ ಸಯ್ಯಾಜಿರಾವ್ ರಸ್ತೆಯ ಬೆಳಗು ಹೀಗಿರುತ್ತದೆ. ಬೇಸರಪಡುವವರು ಕಡಿಮೆ ಎನ್ನುವುದನ್ನೂ ಹೇಳಬೇಕು. ಅವಸರದಲ್ಲಿದ್ದವರೂ ಗಾಡಿ ಬದಿಗೆ ಹಾಕಿ ಕೈ ಮುಗಿಯುತ್ತಾರೆ. ನಿಮ್ಮ ಅತ್ತೆಯವರ ದೃಷ್ಟಿಯಿಂದ ಇದಕ್ಕಿಂತ ಮುಖ್ಯವಾದದ್ದು ಫಿರಂಗಿಯ ತಾಲೀಮು. ವಿಜಯದಶಮಿಯಂದು 21 ಕುಶಾಲತೋಪು ಹಾರಿಸುವಾಗ ಆನೆ ಮತ್ತು ಕುದುರೆಗಳು ಬೆದರಬಾರದೆಂದು ಹಬ್ಬಕ್ಕೆ ಮೊದಲೇ ಕೆಲವು ಬಾರಿ ದೊಡ್ಡಕೆರೆ ಮೈದಾನದ ಬದಿಯಲ್ಲಿ ಸಿಡಿಮದ್ದು ಸಿಡಿಸಿ ಅಭ್ಯಾಸ ಮಾಡಿಸುತ್ತಾರೆ. ಆ ಶಬ್ದ ಸುತ್ತಲಿನ ಮನೆಗಳ ಕಿಟಕಿಗಳನ್ನು ನಡುಗಿಸುತ್ತದೆ. ಇಟ್ಟಿಗೆಗೂಡು, ನಜರ್‌ಬಾದ್ ಮತ್ತು ಅಗ್ರಹಾರದ ಪೂರ್ವಭಾಗ ಬೇಡ ಎಂದು ನಾನು ಹೇಳುವುದಕ್ಕೆ ಪ್ರವಾಸಿಗರಿಗಿಂತ ಇದೇ ದೊಡ್ಡ ಕಾರಣ. ಹಬ್ಬ ಮುಗಿದ ಮೇಲೂ ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನ ವಾರಗಟ್ಟಲೆ ಮುಂದುವರಿಯುತ್ತದೆ.

ವಿಜಯದಶಮಿಯ ದಿನದ ಬಗ್ಗೆ ಇನ್ನೊಂದು ಮಾತು. ಜಂಬೂಸವಾರಿ ಅರಮನೆಯಿಂದ ಕೆ.ಆರ್. ವೃತ್ತ, ಸಯ್ಯಾಜಿರಾವ್ ರಸ್ತೆ, ಆಯುರ್ವೇದ ಆಸ್ಪತ್ರೆ ವೃತ್ತ, ಬಂಬೂಬಜಾರ್, ಹೈವೇ ವೃತ್ತಗಳ ಮೂಲಕ ಬನ್ನಿಮಂಟಪವನ್ನು ತಲುಪುವುದರಿಂದ ಆ ಮಧ್ಯಾಹ್ನ ನಗರ ಎರಡು ಹೋಳಾಗುತ್ತದೆ. ಪೂರ್ವದಿಂದ ಪಶ್ಚಿಮಕ್ಕೆ ಹೋಗಬೇಕಾದವರು ದೂರದಿಂದ ಸುತ್ತಿ ಬರಬೇಕು. ಕೆ.ಆರ್. ಆಸ್ಪತ್ರೆ ಮೆರವಣಿಗೆಯ ಹಾದಿಯ ಪಕ್ಕದಲ್ಲಿಯೇ ಇದೆ. ನಿಮ್ಮ ಮನೆ ಮತ್ತು ನಿಮ್ಮ ವೈದ್ಯರು ಈ ಗೆರೆಯ ಒಂದೇ ಮಗ್ಗುಲಿನಲ್ಲಿರುವಂತೆ ನೋಡಿಕೊಳ್ಳಿ. ಯುವ ದಸರೆಯನ್ನು 2024ರಿಂದ ಮಹಾರಾಜ ಕಾಲೇಜು ಮೈದಾನದ ಬದಲು ರಿಂಗ್ ರಸ್ತೆಯ ಬಳಿ ಉತ್ತನಹಳ್ಳಿಯಲ್ಲಿ ನಡೆಸಿದ ಮೇಲೆ ನಗರದೊಳಗಿನವರ ರಾತ್ರಿಗಳು ಸ್ವಲ್ಪ ಶಾಂತವಾದವು, ಗದ್ದಲ ಹೊರವಲಯಕ್ಕೆ ಹೋಯಿತು. ‘ಆಚೆ ಹೋದರೆ ಶಾಂತಿ’ ಎನ್ನುವ ನಿಮ್ಮ ನೆಂಟರ ಗಮನಕ್ಕೆ ಇದನ್ನು ತನ್ನಿ.

ನಿವಾಸಿಗಳು ಮತ್ತು ಪ್ರವಾಸಿಗರು ನಿಜವಾಗಿ ಮುಖಾಮುಖಿಯಾಗುವುದು ಬಸ್ಸಿನಲ್ಲಿ. ಮೈಸೂರಿನ ನಗರ ಸಾರಿಗೆಯ ಹೆಚ್ಚಿನ ಮಾರ್ಗಗಳು ಅರಮನೆಯ ಮಗ್ಗುಲಿನ ಸಿಟಿ ಬಸ್ ನಿಲ್ದಾಣದಿಂದ ಹೊರಟು ಅಲ್ಲಿಗೇ ಬಂದು ಸೇರುತ್ತವೆ. ಬೋಗಾದಿಯಿಂದ ವಿಜಯನಗರಕ್ಕೋ ಶ್ರೀರಾಂಪುರದಿಂದ ಹೂಟಗಳ್ಳಿಗೋ ಹೋಗಬೇಕಾದವರು ಅನೇಕ ವೇಳೆ ನಡುಭಾಗಕ್ಕೆ ಬಂದು ಬಸ್ಸು ಬದಲಿಸಬೇಕು. ಹೀಗಾಗಿ ಅರಮನೆಯನ್ನು ವರ್ಷಕ್ಕೊಮ್ಮೆಯೂ ನೋಡದ ಮನುಷ್ಯನೂ ಅರಮನೆಯ ದಟ್ಟಣೆಯಲ್ಲಿ ಸಿಲುಕುತ್ತಾನೆ. ಬೆಟ್ಟಕ್ಕೆ ಮತ್ತು ಕೆ.ಆರ್.ಎಸ್.ಗೆ ಹೋಗುವ ಬಸ್ಸುಗಳಲ್ಲಿ ಶನಿವಾರ ಭಾನುವಾರ ಕಾಲಿಡಲು ಜಾಗವಿರುವುದಿಲ್ಲ. ಶಕ್ತಿ ಯೋಜನೆಯಿಂದ ನಿಮ್ಮ ಪ್ರಯಾಣ ಉಚಿತವಾದರೂ, ಅತ್ತೆಯವರನ್ನು ಕರೆದುಕೊಂಡು ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗುವ ಲೆಕ್ಕವನ್ನು ಇಟ್ಟುಕೊಳ್ಳಬೇಡಿ. ಆಟೊದಲ್ಲಿ ಬೇಗ ತಲುಪುವಷ್ಟು ಹತ್ತಿರದಲ್ಲಿ ಆಸ್ಪತ್ರೆ ಇರಬೇಕು. ಅಂದಹಾಗೆ, ಆಟೊದವರು ಅರಮನೆ ಮತ್ತು ಮೃಗಾಲಯದ ಮುಂದೆ ಕೇಳುವ ದರವೇ ಬೇರೆ, ಬಡಾವಣೆಯ ನಿಲ್ದಾಣದಲ್ಲಿ ಪರಿಚಿತರಿಗೆ ಹೇಳುವ ದರವೇ ಬೇರೆ. ಮನೆ ಮಾಡಿದ ಮೊದಲ ವಾರದಲ್ಲಿಯೇ ಬೀದಿಯ ತುದಿಯ ಆಟೊದವರೊಬ್ಬರ ಪರಿಚಯ ಮಾಡಿಕೊಂಡು ಅವರ ಮೊಬೈಲ್ ಸಂಖ್ಯೆಯನ್ನು ಗೋಡೆಯ ಮೇಲೆ ಬರೆದಿಡುವುದು ಒಳ್ಳೆಯದು.

ಇನ್ನು ರಿಂಗ್ ರಸ್ತೆಯ ಒಳಗೇಕೆ ಎಂಬುದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂದ ಪ್ಲೇಗಿನ ಪೆಟ್ಟಿನ ನಂತರ, 1903ರಲ್ಲಿ ಮೈಸೂರಿಗೆ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಬಂದಿತು. ಗಾಳಿ ಬೆಳಕಿಗೆ ಅನುಕೂಲವಾಗುವ ನೇರ ರಸ್ತೆಗಳು, ಮನೆಗಳ ಹಿಂದೆ ಕಸ ಮತ್ತು ಚರಂಡಿಯ ಕೆಲಸಕ್ಕೆಂದು ಬಿಟ್ಟ ಕನ್ಸರ್ವೆನ್ಸಿ ಗಲ್ಲಿಗಳು, ನಡುನಡುವೆ ಉದ್ಯಾನಗಳು ಇರುವ ಬಡಾವಣೆಗಳು ಆ ಚಿಂತನೆಯ ಫಲ. ಮಂಡಳಿಯ ಜಾಗಕ್ಕೆ 1980ರ ದಶಕದ ಕೊನೆಯಲ್ಲಿ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ (ಮುಡಾ) ಬಂದಿತು, ಈಗ ಅದು ಮೈಸೂರು ಅಭಿವೃದ್ಧಿ ಪ್ರಾಧಿಕಾರವಾಗಿದೆ. ಮಂಡಳಿ ಮತ್ತು ಪ್ರಾಧಿಕಾರ ತಾವೇ ರೂಪಿಸಿ ಪಾಲಿಕೆಗೆ ಒಪ್ಪಿಸಿದ ಬಡಾವಣೆಗಳಲ್ಲಿ ರಸ್ತೆ ಯಾರದು, ನೀರಿನ ಕೊಳವೆ ಯಾರದು, ಚರಂಡಿ ಯಾರದು ಎಂಬ ಪ್ರಶ್ನೆಗೆ ಒಂದೇ ಉತ್ತರವಿದೆ. ಸಂಪರ್ಕ ಹಳೆಯದಾಗಿ ಸೋರುತ್ತಿರಬಹುದು, ಗಲ್ಲಿಯಲ್ಲಿ ಕಸ ತುಂಬಿರಬಹುದು, ಆದರೂ ದೂರು ಕೊಡಲು ಒಂದು ಕಚೇರಿ ಇರುತ್ತದೆ.

ಸುಮಾರು 42 ಕಿಲೋಮೀಟರ್ ಉದ್ದದ ಈ ರಿಂಗ್ ರಸ್ತೆಯ ಆಚೆಗೆ ಹೋದರೆ ಚಿತ್ರ ಬದಲಾಗುತ್ತದೆ. ಅಲ್ಲಿ ಹೂಟಗಳ್ಳಿ ನಗರಸಭೆಯಿದೆ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ ಮತ್ತು ಕಡಕೊಳ ಪಟ್ಟಣ ಪಂಚಾಯಿತಿಗಳಿವೆ, ಅವುಗಳ ಆಚೆ ಗ್ರಾಮ ಪಂಚಾಯಿತಿಗಳಿವೆ, ಮತ್ತು ಇವೆಲ್ಲದರ ನಡುವೆ ಖಾಸಗಿ ಬಡಾವಣೆಗಳಿವೆ. ಖಾಸಗಿಯವರು ಪ್ರಾಧಿಕಾರದಿಂದ ನಕ್ಷೆಗೆ ಅನುಮೋದನೆ ಪಡೆದು ಬಡಾವಣೆ ಮಾಡಿ, ರಸ್ತೆ, ಚರಂಡಿ, ಉದ್ಯಾನಗಳನ್ನು ಪೂರ್ಣಗೊಳಿಸಿ ಹಸ್ತಾಂತರಿಸಬೇಕು, ಅಲ್ಲಿಂದ ಮುಂದೆ ಸ್ಥಳೀಯ ಸಂಸ್ಥೆ ಅವುಗಳನ್ನು ನೋಡಿಕೊಳ್ಳಬೇಕು ಎಂಬುದು ನಿಯಮ. ಈ ಹಸ್ತಾಂತರ ಆಗದೆ ಉಳಿದ ಬಡಾವಣೆಗಳು ಸಾಕಷ್ಟಿವೆ. ಅಲ್ಲಿ ಬೀದಿ ದೀಪ ಕೆಟ್ಟರೆ ಪಂಚಾಯಿತಿಯವರು ಬಡಾವಣೆ ಮಾಡಿದವರ ಕಡೆಗೂ, ಬಡಾವಣೆಯವರು ಪ್ರಾಧಿಕಾರದ ಕಡೆಗೂ, ಪ್ರಾಧಿಕಾರದವರು ಪಂಚಾಯಿತಿಯ ಕಡೆಗೂ ಕೈ ತೋರಿಸುತ್ತಾರೆ. ಹೊರವಲಯವನ್ನು ಪಾಲಿಕೆಯೊಳಗೆ ಸೇರಿಸಿ ಬೃಹತ್ ಮೈಸೂರು ಮಾಡುವ ಮಾತು ವರ್ಷಗಳಿಂದ ಇದೆ. ಮಾತನ್ನು ನಂಬಿ ಹಣ ಹಾಕಬೇಡಿ. ‘ಈ ಬಡಾವಣೆ ಹಸ್ತಾಂತರವಾಗಿದೆಯೇ, ಆಗಿದ್ದರೆ ಯಾರಿಗೆ, ಯಾವ ದಿನಾಂಕದಂದು, ಆ ಪತ್ರದ ಪ್ರತಿ ಎಲ್ಲಿದೆ’ ಎಂದು ಕೇಳಿ. ನಿವೇಶನ ಮಾರುವವರು ಈ ಪ್ರಶ್ನೆಗೆ ಉತ್ತರಿಸುವ ಬದಲು ಮುಂದೆ ಬರಲಿರುವ ರಸ್ತೆಯ ಬಗ್ಗೆ ಮಾತನಾಡತೊಡಗಿದರೆ ಎದ್ದು ಬನ್ನಿ.

ಈಗ ನೀರಿಗೆ ಬರುತ್ತೇನೆ. ಮಂಡ್ಯದವರಿಗೆ ಕೆ.ಆರ್.ಎಸ್. ಅಣೆಕಟ್ಟೆಯ ಗರಿಷ್ಠ ಮಟ್ಟವಾದ 124.80 ಅಡಿ ಎಂಬ ಅಂಕಿಯನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ನಿಮ್ಮ ಗದ್ದೆಗೆ ನಾಲೆಯಲ್ಲಿ ನೀರು ಬಿಡುವ ಅದೇ ಅಣೆಕಟ್ಟೆಯ ಆಸರೆಯಲ್ಲಿ ಹೊಂಗಳ್ಳಿ, ಬೆಳಗೊಳ ಮತ್ತು ಮೇಳಾಪುರದ ಪಂಪ್‌ಹೌಸ್‌ಗಳು ಕಾವೇರಿಯ ನೀರೆತ್ತಿ ಮೈಸೂರಿಗೆ ಕಳುಹಿಸುತ್ತವೆ. ಇವುಗಳ ಜೊತೆಗೆ ಕಬಿನಿಯಿಂದ ಬಿದರಗೂಡಿನಲ್ಲಿ ನೀರೆತ್ತುವ ಇನ್ನೊಂದು ವ್ಯವಸ್ಥೆಯಿದೆ. ಎರಡು ನದಿಗಳ ಆಸರೆ ಇರುವುದರಿಂದ ಮೂಲದಲ್ಲಿ ನೀರಿಲ್ಲವೆಂದು ಮೈಸೂರು ಹೇಳುವಂತಿಲ್ಲ. ಮಳೆ ಕೈಕೊಟ್ಟ 2023ರಲ್ಲಿ ಕೆ.ಆರ್.ಎಸ್. ತುಂಬದೆ ನಿಮ್ಮ ಕಡೆ ಬೆಳೆ ಒಣಗುವಾಗಲೂ ಕುಡಿಯುವ ನೀರಿಗೆ ಮೊದಲ ಆದ್ಯತೆ ಸಿಕ್ಕಿತು. ಆದರೆ ಎತ್ತಿದ ನೀರು ಎಲ್ಲರ ಮನೆಗೂ ಒಂದೇ ಬಗೆಯಲ್ಲಿ ತಲುಪುವುದಿಲ್ಲ. ಕೊಳವೆಯ ಜಾಲ ಬೆಳೆದದ್ದಕ್ಕಿಂತ ಬೇಗ ಊರು ಬೆಳೆದಿದೆ. ಎತ್ತರದ ಪ್ರದೇಶಗಳಿಗೂ ಕೊಳವೆಯ ತುದಿಯಲ್ಲಿರುವ ಬೀದಿಗಳಿಗೂ ಒತ್ತಡ ಕಡಿಮೆ. ರಿಂಗ್ ರಸ್ತೆಯ ಆಚೆಯ ಅನೇಕ ಬಡಾವಣೆಗಳಿಗೆ ಕೊಳವೆಬಾವಿಯೇ ಗತಿ, ಅದು ಬತ್ತಿದರೆ ಟ್ಯಾಂಕರ್. ಕೆ.ಆರ್.ಎಸ್. ಹಿನ್ನೀರಿನಿಂದ ನೀರು ತರುವ ಹಳೇ ಉಂಡವಾಡಿ ಯೋಜನೆಯ ಹೆಸರನ್ನು ನಿವೇಶನ ಮಾರುವವರು ಧಾರಾಳವಾಗಿ ಬಳಸುತ್ತಾರೆ. ನಿಮ್ಮ ನಲ್ಲಿಗೆ ಬಂದ ದಿನವೇ ಅದು ನಿಮ್ಮ ನೀರು.

ಮನೆ ನೋಡಲು ಹೋದಾಗ ಮಾಲೀಕರನ್ನು ‘ನೀರು ಚೆನ್ನಾಗಿ ಬರುತ್ತದೆಯೇ’ ಎಂದು ಕೇಳುವುದರಿಂದ ಪ್ರಯೋಜನವಿಲ್ಲ, ಏಕೆಂದರೆ ಬರುವುದಿಲ್ಲ ಎಂದು ಹೇಳಿ ಮನೆ ಬಾಡಿಗೆಗೆ ಕೊಡುವವರಿಲ್ಲ. ಎದುರು ಮನೆಯವರನ್ನು ‘ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಹೊತ್ತು ಬರುತ್ತದೆ’ ಎಂದು ಕೇಳಿ. ಅವರು ಗಡಿಯಾರ ನೋಡದೆ ಉತ್ತರಿಸಿದರೆ ಅಲ್ಲಿನ ವ್ಯವಸ್ಥೆ ನಂಬಿಕೆಗೆ ಅರ್ಹ. ಬೀದಿಯ ವಿದ್ಯುತ್ ಕಂಬಗಳ ಮೇಲೆ ನೀರಿನ ಟ್ಯಾಂಕರಿನವರ ದೂರವಾಣಿ ಸಂಖ್ಯೆಗಳು ಎಷ್ಟಿವೆ ಎಂದು ಗಮನಿಸಿ. ಬಚ್ಚಲಿಗೆ ಹೋಗಿ ನಲ್ಲಿಯ ಬಾಯಿ, ಬಕೆಟ್ಟಿನ ಒಳಬದಿ ಮತ್ತು ಗೀಸರ್‌ನ ಕೆಳಗಿನ ಕೊಳವೆಯನ್ನು ನೋಡಿ. ಅಲ್ಲಿ ಬಿಳಿಯ ಪೊರೆ ದಪ್ಪವಾಗಿ ಕಟ್ಟಿದ್ದರೆ ಮನೆಗೆ ಬರುತ್ತಿರುವುದು ಕೊಳವೆಬಾವಿಯ ಗಡಸು ನೀರು, ಮಾಲೀಕರು ಏನೇ ಹೇಳಲಿ. ಸಂಪಿನ ಮುಚ್ಚಳ ತೆಗೆಸಿ ನೋಡುವುದಕ್ಕೆ ಸಂಕೋಚಪಡಬೇಡಿ. ಒಳಗೋಡೆಯ ಮೇಲೆ ನೀರು ನಿಂತ ಗುರುತು ಎಷ್ಟು ಎತ್ತರಕ್ಕಿದೆ ಎಂಬುದರಿಂದ ಸಂಪು ನಿಜವಾಗಿ ಎಷ್ಟು ತುಂಬುತ್ತದೆ ಎಂಬುದು ತಿಳಿಯುತ್ತದೆ. ಲೆಕ್ಕ ಸರಳವಾಗಿದೆ. ಯೋಜನೆ ರೂಪಿಸುವವರು ನಗರವಾಸಿಯೊಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ಮಾನದಂಡವನ್ನು ಇಟ್ಟುಕೊಳ್ಳುತ್ತಾರೆ, ಮೂವರಿಗೆ ಅದು 405 ಲೀಟರ್ ಆಗುತ್ತದೆ. 6,000 ಲೀಟರ್ ಹಿಡಿಯುವ ಸಂಪು ತುಂಬಿದ್ದರೆ ನಿಮ್ಮ ಮನೆಗೆ ಎರಡು ವಾರ ಸಾಕು, ಮೂರು ದಿನಕ್ಕೊಮ್ಮೆ ನೀರು ಬಂದರೂ ಆತಂಕವಿಲ್ಲ. ಸಂಪು ಇಲ್ಲದೆ ತಾರಸಿಯ ಮೇಲೆ ಒಂದೇ ಟ್ಯಾಂಕ್ ಇರುವ ಮನೆಯಾದರೆ, ದಿನವೂ ನೀರು ಬರುವ ಬೀದಿಯಲ್ಲಿದ್ದರೂ ಕೊಳವೆ ಒಡೆದ ದಿನ ಕಷ್ಟ. ಹಾಸಿಗೆ ಹಿಡಿಯಬಹುದಾದ ವಯಸ್ಸಿನವರಿರುವ ಮನೆಯಲ್ಲಿ ಈ ಅಂತರ ಬಹಳ ದೊಡ್ಡದು.

ನಿಮ್ಮ ಮೂರು ಅಗತ್ಯಗಳನ್ನು, ಅಂದರೆ ಹೃದಯದ ಆಸ್ಪತ್ರೆ, ಮಂಡ್ಯದ ಕಡೆಯ ಓಡಾಟ ಮತ್ತು ನಂಬಬಹುದಾದ ನೀರನ್ನು ಒಟ್ಟಿಗೆ ಇಟ್ಟು ನೋಡಿದರೆ ನಗರದ ವಾಯವ್ಯ ಭಾಗ ನಿಮಗೆ ಒಪ್ಪುತ್ತದೆ. ಜಯದೇವ ಹೃದ್ರೋಗ ಸಂಸ್ಥೆಯ ಮೈಸೂರು ಆಸ್ಪತ್ರೆ ಕೆ.ಆರ್.ಎಸ್. ರಸ್ತೆಯಲ್ಲಿದೆ. ಅದಕ್ಕೆ ಹತ್ತಿರವಾಗಿ ಒಂಟಿಕೊಪ್ಪಲು, ಯಾದವಗಿರಿ, ಜಯಲಕ್ಷ್ಮೀಪುರಂ ಮತ್ತು ಗೋಕುಲಂ ಇವೆ. ರೈಲು ನಿಲ್ದಾಣವೂ ಅದೇ ಮಗ್ಗುಲಿನಲ್ಲಿದೆ. ನಿಮ್ಮ ಯಜಮಾನರಿಗೆ ನಾನು ರೈಲನ್ನೇ ಹೇಳುತ್ತೇನೆ. ಜೋಡಿ ಹಳಿಯಾದ ಮೇಲೆ ಮಂಡ್ಯ ಮತ್ತು ಮೈಸೂರಿನ ನಡುವಿನ ರೈಲು ಪ್ರಯಾಣ ಸುಗಮವಾಗಿದೆ, ಬೆಳಿಗ್ಗೆ ಹೋಗಿ ಸಂಜೆ ಬರುವವರಿಗೆ ಗಾಡಿಗಳಿವೆ. ಸ್ಕೂಟರಿನಲ್ಲಿ ಹೋಗಿಬರುವ ಯೋಚನೆಯಿದ್ದರೆ, 2023ರ ಆಗಸ್ಟ್ 1ರಿಂದ ಹೆದ್ದಾರಿಯ ಮುಖ್ಯ ಪಥಗಳಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ ಎಂಬುದು ನೆನಪಿರಲಿ. ಕಾರಾದರೆ ಗಣಂಗೂರಿನಲ್ಲಿ ಟೋಲ್ ಕಟ್ಟಬೇಕು. ಒಂದು ಎಚ್ಚರಿಕೆಯೂ ಇದೆ: ಕೆ.ಆರ್.ಎಸ್. ರಸ್ತೆ ಆಸ್ಪತ್ರೆಯ ದಾರಿಯಷ್ಟೇ ಅಲ್ಲ, ಬೃಂದಾವನದ ದಾರಿಯೂ ಹೌದು. ಭಾನುವಾರ ಸಂಜೆ ಸಂಗೀತ ಕಾರಂಜಿ ನೋಡಲು ಹೋಗುವವರು ಮತ್ತು ಮರಳುವವರು ಆ ರಸ್ತೆಯನ್ನು ತುಂಬುತ್ತಾರೆ. ಆದ್ದರಿಂದ ಮುಖ್ಯರಸ್ತೆಗೆ ತಾಗಿದ ಮನೆ ಬೇಡ, ಆದರೆ ಆಸ್ಪತ್ರೆಗೆ ಒಳರಸ್ತೆಯಿಂದಲೇ ತಲುಪುವಂತಿರಲಿ. ಈಗಿನ ವೈದ್ಯರು ಜೆ.ಎಸ್.ಎಸ್. ಆಸ್ಪತ್ರೆಯವರೋ ಅಪೊಲೊ ಬಿ.ಜಿ.ಎಸ್. ಆಸ್ಪತ್ರೆಯವರೋ ಆಗಿದ್ದರೆ ಕುವೆಂಪುನಗರ ಅಥವಾ ಸರಸ್ವತಿಪುರಂ ನೋಡಿ. ಸರಸ್ವತಿಪುರಂನವರಿಗೆ ಕುಕ್ಕರಹಳ್ಳಿ ಕೆರೆಯ ಏರಿ ನಡಿಗೆಗೆ ಹತ್ತಿರ, ನಿವೃತ್ತ ಮೇಷ್ಟರಿಗೆ ಅಲ್ಲಿ ಬೆಳಗಿನ ಜೊತೆಗೆ ಜನ ಸಿಗುವುದು ಕಷ್ಟವೇನಲ್ಲ.

ಹಳೆಯ ಬಡಾವಣೆಗಳಲ್ಲಿ ಮನೆ ಆರಿಸುವಾಗ ಮೆಟ್ಟಿಲುಗಳನ್ನು ಎಣಿಸಿ. ಹಳೆಯ ಮನೆಗಳಿಗೆ ಎತ್ತರದ ಜಗಲಿ, ಅಲ್ಲಿಂದ ಇಳಿದು ಹಿತ್ತಲು, ಹಿತ್ತಲಿನಲ್ಲಿ ಬಚ್ಚಲು ಇರುವುದುಂಟು. ನೋಡಲು ಅಂದವಾದ ಹೆಂಚಿನ ಮನೆಗೆ ಮನಸೋತು, ರಾತ್ರಿ ಮೂರು ಮೆಟ್ಟಿಲು ಇಳಿದು ಬಚ್ಚಲಿಗೆ ಹೋಗುವ ಸ್ಥಿತಿಯನ್ನು ಅತ್ತೆಯವರಿಗೆ ತರಬೇಡಿ.

ಬಾಡಿಗೆಯೋ ಭೋಗ್ಯವೋ ಎಂಬ ಪ್ರಶ್ನೆ ನಿಮಗೆ ಎದುರಾಗುತ್ತದೆ, ನಿವೃತ್ತಿಯ ಇಡುಗಂಟು ಕೈಯಲ್ಲಿರುವವರಿಗೆ ದಲ್ಲಾಳಿಗಳು ಮೊದಲು ತೋರಿಸುವುದೇ ಭೋಗ್ಯದ ಮನೆಗಳನ್ನು. ತಿಂಗಳ ಬಾಡಿಗೆಯಿಲ್ಲ, ಕೊಟ್ಟ ಹಣ ಪೂರ್ತಿ ವಾಪಸ್ಸು ಎಂಬುದು ಕೇಳಲು ಇಂಪಾಗಿದೆ. ಆದರೆ ಮಾಲೀಕರು ಆ ಮನೆಯ ಮೇಲೆ ಬ್ಯಾಂಕಿನಲ್ಲಿ ಸಾಲ ಮಾಡಿ ತೀರಿಸದಿದ್ದರೆ, ಬ್ಯಾಂಕು ಮನೆಯನ್ನು ಹರಾಜಿಗೆ ತರುವಾಗ ಭೋಗ್ಯಕ್ಕಿರುವವರ ಹಣ ಕೊನೆಯ ಸಾಲಿನಲ್ಲಿ ನಿಲ್ಲುತ್ತದೆ. ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು ಎಂದು ಕಾನೂನು ಹೇಳಿದರೂ ಛಾಪಾ ಕಾಗದದ ಮೇಲೆ ಬರೆದು ಮುಗಿಸುವವರೇ ಹೆಚ್ಚು. ಉಪನೋಂದಣಾಧಿಕಾರಿ ಕಚೇರಿಯಿಂದ ಋಣಭಾರ ಪತ್ರ ತೆಗೆಸಿ ನೋಡದೆ, ಕರಾರನ್ನು ನೋಂದಾಯಿಸದೆ ಭೋಗ್ಯಕ್ಕೆ ಹಣ ಕೊಡಬೇಡಿ. ನಿಮ್ಮಂಥವರಿಗೆ ಹನ್ನೊಂದು ತಿಂಗಳ ಸಾಮಾನ್ಯ ಬಾಡಿಗೆ ಕರಾರೇ ಸಾಕು, ಅದು ಮುಗಿಯುವ ಹೊತ್ತಿಗೆ ನಿಮಗೆ ಊರು ಅರ್ಥವಾಗಿರುತ್ತದೆ.

ವರ್ಷದ ನಂತರವೂ ನಿವೇಶನವನ್ನೇ ಕೊಳ್ಳುವುದಾದರೆ, ಭೂಪರಿವರ್ತನೆಯ ಆದೇಶ, ಪ್ರಾಧಿಕಾರದ ಅನುಮೋದಿತ ನಕ್ಷೆ, ನಿವೇಶನ ಬಿಡುಗಡೆಯ ಪತ್ರ ಮತ್ತು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯನ್ನು ವಕೀಲರಿಂದ ಪರಿಶೀಲನೆ ಮಾಡಿಸಿ. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಪಂಚಾಯಿತಿ ಕೊಡುವ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11ಎ ಇರಬೇಕು, ಅನುಮೋದನೆಯಿಲ್ಲದ ಆಸ್ತಿಗೆ ಕೊಡುವ 11ಬಿ ಎಂದಿದ್ದರೆ ಕೈ ಹಾಕಬೇಡಿ. ನಗರ ಸ್ಥಳೀಯ ಸಂಸ್ಥೆಗಳಲ್ಲಿ ಬಿ ಖಾತೆ ಎಂಬುದು ತೆರಿಗೆ ವಸೂಲಿಯ ದಾಖಲೆ, ಅದರಿಂದ ಬಡಾವಣೆ ಸಕ್ರಮವಾಗುವುದಿಲ್ಲ.

ದಿನಸಿ ತರಕಾರಿಯ ವಿಚಾರದಲ್ಲಿ ಹೇಳುವುದು ಹೆಚ್ಚಿಲ್ಲ. ದೇವರಾಜ ಮಾರುಕಟ್ಟೆಗೆ ಹೂವು, ವೀಳ್ಯದೆಲೆ ಮತ್ತು ಪೂಜಾ ಸಾಮಗ್ರಿಗಾಗಿ ಹೋಗಿ, ಅದೂ ಹಬ್ಬದ ಹಿಂದಿನ ದಿನ ಬೇಡ. ತರಕಾರಿಗೆ ಎಂ.ಜಿ. ರಸ್ತೆಯ ಮಾರುಕಟ್ಟೆಗೆ ಬೆಳಿಗ್ಗೆ ಬೇಗ ಹೋದರೆ ಸುತ್ತಲಿನ ಹಳ್ಳಿಗಳಿಂದ ಬಂದದ್ದು ಸಿಗುತ್ತದೆ. ಉಳಿದ ದಿನಗಳಿಗೆ ಬಡಾವಣೆಯ ಅಂಗಡಿಗಳೇ ಸಾಕು. ಪ್ರವಾಸಿ ಊರಾದ್ದರಿಂದ ಎಲ್ಲವೂ ದುಬಾರಿ ಎಂಬ ಭಾವನೆ ಅರಮನೆಯ ಸುತ್ತಲಿನ ಒಂದೆರಡು ರಸ್ತೆಗಳಿಗೆ ಮಾತ್ರ ಅನ್ವಯಿಸುತ್ತದೆ.

ಕೊನೆಯದಾಗಿ ದಿನಬಾಡಿಗೆಯ ಮಹಡಿ. ಮೈಸೂರಿಗೆ ಬರುವ ಪ್ರವಾಸಿಗರಲ್ಲಿ ಬಹಳಷ್ಟು ಮಂದಿ ಒಂದು ರಾತ್ರಿ ಉಳಿದು ಊಟಿಗೋ ಕೊಡಗಿಗೋ ವಯನಾಡಿಗೋ ಹೋಗುವವರು. ಹೋಟೆಲುಗಳು ಅರಮನೆಯ ಹತ್ತಿರವೇ ಇರುವಾಗ ರಿಂಗ್ ರಸ್ತೆಯ ಆಚೆಯ ನಿಮ್ಮ ಮಹಡಿಗೆ ಅವರು ಬರುವುದು ದಸರಾ, ಡಿಸೆಂಬರ್‌ನ ಕೊನೆ ಮತ್ತು ಸಾಲು ರಜೆಗಳಲ್ಲಿ, ಬೇರೆಲ್ಲೂ ಕೋಣೆ ಸಿಗದಿದ್ದಾಗ. ಉಳಿದ ದಿನಗಳಲ್ಲಿ ಖಾಲಿ ಬೀಳುವ ಮಹಡಿಗೂ ಸಾಲದ ಕಂತು ತಪ್ಪುವುದಿಲ್ಲ. ಗೋಕುಲಂನಲ್ಲಿ ಮನೆಗಳು ವಿದೇಶಿಯರಿಗೆ ಹೋಗುತ್ತವೆಯಲ್ಲ ಎಂದು ನೀವು ಕೇಳಬಹುದು. ಅಲ್ಲಿಗೆ ಬರುವವರು ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗದ ಪರಂಪರೆಯನ್ನು ಅರಸಿಕೊಂಡು ಬಂದು ತಿಂಗಳುಗಟ್ಟಲೆ ಉಳಿಯುವ ಕಲಿಕೆಯವರು. ಅದು ಪ್ರವಾಸಿಗರ ದಿನಬಾಡಿಗೆಯಲ್ಲ, ಯೋಗಶಾಲೆಗೆ ನಡೆದು ಹೋಗುವಷ್ಟು ದೂರದ ಆಚೆ ಅದು ನಡೆಯುವುದೂ ಇಲ್ಲ. ಹೋಮ್‌ಸ್ಟೇ ಮಾಡಿದರೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಬೇಕು, ವಿದೇಶಿಯರು ಉಳಿದರೆ 24 ಗಂಟೆಗಳೊಳಗೆ ಅವರ ವಿವರ ಸಲ್ಲಿಸಬೇಕು, ಹಾಸಿಗೆ ಹೊದಿಕೆ ಒಗೆಯುವುದರಿಂದ ಹಿಡಿದು ನಡುರಾತ್ರಿ ಬಂದವರಿಗೆ ಬಾಗಿಲು ತೆರೆಯುವವರೆಗಿನ ಕೆಲಸವೆಲ್ಲ ನಿಮ್ಮ ಪಾಲಿನದು. ಅತ್ತೆಯವರ ಆರೈಕೆಯ ಜೊತೆಗೆ ಇದನ್ನು ತಲೆಯ ಮೇಲೆ ಹಾಕಿಕೊಳ್ಳಬೇಡಿ. ಮುಂದೆ ಸ್ವಂತ ಮನೆಯಾಗಿ ಮೇಲೊಂದು ಮಹಡಿ ಕಟ್ಟಿಸಿದರೆ, ಹೊರಗಿನಿಂದ ಪ್ರತ್ಯೇಕ ಮೆಟ್ಟಿಲು ಮತ್ತು ಪ್ರತ್ಯೇಕ ವಿದ್ಯುತ್ ಮೀಟರ್ ಇಟ್ಟು, ಆಸ್ಪತ್ರೆಯಲ್ಲಿ ಕೆಲಸ ಮಾಡುವ ದಂಪತಿಗಳಿಗೋ ಕಾಲೇಜಿನ ಅಧ್ಯಾಪಕರಿಗೋ ತಿಂಗಳ ಬಾಡಿಗೆಗೆ ಕೊಡಿ. ದಿನಬಾಡಿಗೆಯ ಹಣಕ್ಕಿಂತ ಅದು ಕಡಿಮೆ ಎನಿಸಬಹುದು, ಆದರೆ ಹನ್ನೆರಡೂ ತಿಂಗಳು ಬರುತ್ತದೆ. ಯಜಮಾನರು ಗದ್ದೆಯ ಕಡೆ ಹೋದ ದಿನ ಕರೆದರೆ ಓಗೊಡುವ ಜನವೂ ಮನೆಯಲ್ಲಿರುತ್ತಾರೆ.